ಮೆಟ್ರೋ ಮೂರನೇ ಮಹಡಿಗೆ ಬರೋದು ಯಾಕೆ? ನೀರಿನ ಜಾಡು ಹಿಡಿದು ಶಿಬುಯಾ ಸುತ್ತಾಟ

[ದೃಶ್ಯ: ಸುರಂಗದಿಂದ ಹೊರಬಂದ ಹಳದಿ ರೈಲು, ಕೆಳಗೆ ಬಸ್ಸುಗಳು]

ನಮಸ್ಕಾರ. ಈ ರೈಲು ನೋಡಿ. ಇದು ಟೋಕಿಯೋದ ಗಿಂಜಾ ಲೈನ್. 1927ರಲ್ಲಿ ಶುರುವಾದ ಸುರಂಗ ರೈಲು. ಅಸಾಕುಸಾದಿಂದ ಇಲ್ಲಿವರೆಗೂ ನೆಲದಡಿಯಲ್ಲೇ ಬಂದಿದೆ. ಕೊನೇ ಸ್ಟೇಷನ್ ಶಿಬುಯಾಕ್ಕೆ ಬಂದು ನಿಲ್ಲೋದು ಮಾತ್ರ ಮೂರನೇ ಮಹಡಿಯಲ್ಲಿ, ಬಸ್ಸುಗಳ ನೆತ್ತಿಯ ಮೇಲೆ. ಎಸ್ಕಲೇಟರ್ ಹತ್ತಿ ಮೇಲೆ ಹೋಗಿ "ಸಬ್‌ವೇ" ಹಿಡೀಬೇಕು.

ಯಾಕೆ ಅನ್ನೋದು ತಿಳಿದರೆ ಶಿಬುಯಾದಲ್ಲಿ ನಿಮಗೆ ಗೈಡ್ ಬೇಕಾಗಲ್ಲ. ಆ ಉತ್ತರವನ್ನೇ ದಾರಿ ಮಾಡಿಕೊಂಡು ಹೋಗೋಣ. ಸುಮಾರು ಮೂರು ಕಿಲೋಮೀಟರ್ ನಡಿಗೆ. ನಿಂತು ನೋಡ್ಕೊಂಡು ಹೋದರೆ ಎರಡೂವರೆ ಗಂಟೆ. ಮಧ್ಯಾಹ್ನ ಮೂರೂವರೆಗೆ ಹೊರಟರೆ ಕತ್ತಲಾಗೋ ಹೊತ್ತಿಗೆ ನದಿ ದಡದಲ್ಲಿರ್ತೀರಿ.

ಹೌದು, ನದಿ. ಶಿಬುಯಾದಲ್ಲಿ ನದಿ ಇದೆ.

[ಶುರು: ಹಾಚಿಕೋ ಪ್ರತಿಮೆ]

ಜೆಆರ್ (ಜಪಾನ್ ರೈಲ್ವೆ) ಯಾಮಾನೋತೆ ಲೈನ್‌ನಲ್ಲಿ ಇಳಿದು "ಹಾಚಿಕೋ ಎಕ್ಸಿಟ್" ಹಳದಿ ಬೋರ್ಡ್ ಹಿಡಿದು ಬನ್ನಿ. ಬೇರೆ ಬಾಗಿಲಿಂದ ಹೊರಬಿದ್ದರೆ ಹಳಿಯ ಆಚೆ ಕಡೆ ಇರ್ತೀರಿ, ಗಾಬರಿ ಬೇಡ. ಫೋನಿನ ಮ್ಯಾಪ್ ಇಲ್ಲಿ ಅರ್ಧ ಸುಳ್ಳು ಹೇಳುತ್ತೆ. ನೀವಿರೋ ಜಾಗ ಸರಿಯಾಗೇ ತೋರಿಸುತ್ತೆ, ಮಹಡಿ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಸ್ಟೇಷನ್ ಪುನರ್ನಿರ್ಮಾಣ ಇನ್ನೂ ವರ್ಷಗಟ್ಟಲೆ ನಡೆಯುತ್ತೆ, ಹೋದ ವರ್ಷದ ವಿಡಿಯೋದಲ್ಲಿದ್ದ ಮೆಟ್ಟಿಲು ಈ ವರ್ಷ ತಗಡಿನ ಹಿಂದೆ ಹೋಗಿರಬಹುದು. ಅದಕ್ಕೇ ವಿಡಿಯೋ ಬಿಟ್ಟು ಬೋರ್ಡ್ ನಂಬಿ. ಈ ವಿಡಿಯೋ ಸೇರಿಸಿ.

ನಾಯಿಯ ಕಥೆ ನಿಮಗೆ ಗೊತ್ತು. ಯಜಮಾನ 1925ರಲ್ಲಿ ತೀರಿಕೊಂಡ, ನಾಯಿ ಹಾಚಿಕೋ ಈ ಸ್ಟೇಷನ್‌ನಲ್ಲಿ ಅವನಿಗಾಗಿ 1935ರವರೆಗೆ ಕಾಯ್ತು. ಗೊತ್ತಿಲ್ಲದ್ದು ಒಂದಿದೆ: ಮೊದಲ ಪ್ರತಿಮೆ ನಿಂತಿದ್ದು 1934ರಲ್ಲಿ, ನಾಯಿ ಇನ್ನೂ ಬದುಕಿದ್ದಾಗಲೇ. ಯುದ್ಧಕಾಲದಲ್ಲಿ ಲೋಹಕ್ಕಾಗಿ ಅದನ್ನ ಕರಗಿಸಿಬಿಟ್ಟರು. ಈಗಿರೋದು 1948ರದ್ದು, ಮೊದಲ ಶಿಲ್ಪಿಯ ಮಗ ಮಾಡಿದ್ದು. ಫೋಟೋಗೆ ಕ್ಯೂ ಇರುತ್ತೆ. ಮುಂದೆ ನಡೀರಿ.

ಎದುರಿಗೆ ಶಿಬುಯಾ ಕ್ರಾಸಿಂಗ್, ಎಲ್ಲ ದಿಕ್ಕಿಗೂ ಜನ ಒಟ್ಟಿಗೇ ದಾಟೋ ಚೌಕ. ಅಲ್ಲಿಗೆ ಈಗಲೇ ಇಳೀಬೇಡಿ. ಮೊದಲು ಮೇಲಿಂದ ನೋಡೋಣ. "ಇನೋಕಾಶಿರಾ ಲೈನ್" ಬೋರ್ಡ್ ಹಿಡಿದು ಎಸ್ಕಲೇಟರ್ ಹತ್ತಿ. ಎಡಕ್ಕೆ ನಿಲ್ಲೋದು ಟೋಕಿಯೋ ಪದ್ಧತಿ. ಮೇಲಿನ ನಡೆದಾರಿಗೆ ಟಿಕೆಟ್ ಬೇಡ, ಕಾಫಿ ಕೊಳ್ಳೋದೂ ಬೇಡ. ಒಂದು ಕಡೆ ಗಾಜು, ಗಾಜಿನ ಕೆಳಗೆ ಇಡೀ ಕ್ರಾಸಿಂಗ್. ಇನ್ನೊಂದು ಕಡೆ ಗೋಡೆ ತುಂಬ ಕಲಾವಿದ ಓಕಾಮೋಟೋ ತಾರೋ ಅವರ ಚಿತ್ರ, 30 ಮೀಟರ್ ಉದ್ದ, ಐದೂವರೆ ಮೀಟರ್ ಎತ್ತರ. ಅಣುಬಾಂಬ್ ಸಿಡಿದ ಕ್ಷಣ ಅದು. ನಡುವೆ ಉರಿಯೋ ಅಸ್ಥಿಪಂಜರ. ಮೆಕ್ಸಿಕೋದ ಹೋಟೆಲೊಂದಕ್ಕೆ ಅಂತ ಬರೆದದ್ದು ಕಳೆದೇಹೋಗಿ, 2003ರಲ್ಲಿ ಸಿಕ್ಕಿ, 2008ರಲ್ಲಿ ಇಲ್ಲಿಗೆ ಬಂತು. ಎಲ್ಲರೂ ಅದಕ್ಕೆ ಬೆನ್ನು ಹಾಕಿ ಕ್ರಾಸಿಂಗ್ ಫೋಟೋ ತೆಗೀತಿರ್ತಾರೆ. ಎರಡು ನಿಮಿಷ ತಿರುಗಿ ನಿಲ್ಲಿ. ಆಫೀಸ್ ಬಿಡೋ ಹೊತ್ತಲ್ಲಿ ಮಾತ್ರ ಗಾಜಿಗೆ ಅಂಟಿಕೊಂಡೇ ಇರಿ, ಇಲ್ಲಾಂದ್ರೆ ಜನರ ಹೊಳೆಗೆ ಅಡ್ಡ ನಿಂತ ಹಾಗೆ.

[ದೃಶ್ಯ: ಗಾಜಿನಿಂದ ಕ್ರಾಸಿಂಗ್. ಬಾಣದ ಗುರುತುಗಳಲ್ಲಿ ಇಳಿಜಾರು]

ಈಗ ಇಲ್ಲಿಂದಲೇ ರಸ್ತೆಗಳನ್ನ ನೋಡಿ. ಎಡಗಡೆ ದೋಗೆನ್‌ಜಾಕಾ, ನಮ್ಮ ಕಡೆಗೆ ಇಳಿದು ಬರುತ್ತೆ. ಎದುರಿಗೆ ಕೋಯೆನ್-ದೋರಿ, ಅದೂ ಇಳಿದು ಬರುತ್ತೆ. ಬಲಗಡೆ, ಹಳಿಯ ಆಚೆ ಮಿಯಾಮಸುಜಾಕಾ, ಅದೂ ಇತ್ತಲೇ. ಈ ಹೆಸರುಗಳ ಕೊನೆಯ "ಜಾಕಾ", ಅಂದ್ರೆ "ಸಾಕಾ", ಅದರರ್ಥ ಏರು. ಹೆಸರಲ್ಲೇ "ಯಾ", ಅಂದ್ರೆ ಕಣಿವೆ, ಇರೋ ಊರು ಇದು. ನೀವು ನಿಂತಿರೋದು ಕಣಿವೆಯ ತಳದಲ್ಲಿ.

ಪಡ್ಡಿನ ಕಾವಲಿ ನೆನಪಿಸಿಕೊಳ್ಳಿ. ಅದರ ಒಂದು ಗುಳಿ ಶಿಬುಯಾ. ಕಾವಲಿಯ ಸಪಾಟು ಅಂಚಿದೆಯಲ್ಲ, ಅದು ಪೂರ್ವದ ಆವೋಯಾಮಾ ದಿಬ್ಬ. ಆ ಅಂಚಿನ ದಪ್ಪದೊಳಗೆ, ಮೇಲ್ಮೈಗಿಂತ ಚೂರು ಕೆಳಗೆ, ಅಡ್ಡಡ್ಡ ಒಂದು ತೂತು ಕೊರೀರಿ. ಅದು ಗಿಂಜಾ ಲೈನ್. ತೂತು ನೇರ ಹೋಗ್ತಾ ಹೋಗ್ತಾ ಗುಳಿಯ ಗೋಡೆ ಸೀಳಿಕೊಂಡು ಗಾಳಿಗೆ ಬಂದುಬಿಡುತ್ತೆ. ರೈಲು ಮೇಲಕ್ಕೆ ಏರಲೇ ಇಲ್ಲ, ನೆಲವೇ ಕೆಳಗೆ ಜಾರಿತು. ಹಿಂದಿನ ಸ್ಟೇಷನ್ ಒಮೋತೆಸಾಂಡೋ ಇರೋದು 1.3 ಕಿಲೋಮೀಟರ್ ಹಿಂದೆ. ಅಷ್ಟರಲ್ಲಿ ನೆಲ ಸುಮಾರು 20 ಮೀಟರ್ ಕುಸಿಯುತ್ತೆ. ಅದರ ಜೊತೆಗೇ ರೈಲನ್ನೂ ಇಳಿಸಿ ಆಳಕ್ಕೆ ಒಯ್ಯೋ ಬದಲು ಮಟ್ಟವಾಗಿ ತಂದು 1938ರಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡದ ಮೂರನೇ ಮಹಡಿಗೇ ನುಗ್ಗಿಸಿದರು. 2020ರಲ್ಲಿ ಸ್ಟೇಷನ್ ಪೂರ್ವಕ್ಕೆ ಸರೀತು. ಈಗ ಬಿಳಿ ಕಮಾನಿನ ಛಾವಣಿ ಇದೆ. ಎತ್ತರ ಮಾತ್ರ ಅದೇ.

ಪಡ್ಡಿನ ಉಪಮೆಗೆ ಒಂದು ತಿದ್ದುಪಡಿ: ಈ ಗುಳಿ ಪೂರ್ತಿ ಮುಚ್ಚಿಲ್ಲ, ದಕ್ಷಿಣಕ್ಕೆ ಒಡೆದಿದೆ. ನೀರು ಹೊರಹೋಗೋದು ಅಲ್ಲಿಂದ. ಕೊನೆಗೆ ನಾವೂ ಅಲ್ಲಿಂದಲೇ ಹೊರಡ್ತೀವಿ.

ಇದರಿಂದ ಸಿಗೋ ಉಪಯೋಗ ಇಷ್ಟು: ದಾರಿ ತಪ್ಪಿದರೆ ನೀರು ಹರಿಯೋ ಕಡೆ ನಡೀರಿ, ಇಳಿಜಾರು ಹಿಡಿದರೆ ಸ್ಟೇಷನ್ ಸಿಗುತ್ತೆ. ಉತ್ತರದ ಕ್ಯಾಟ್ ಸ್ಟ್ರೀಟ್ ಕಡೆ ಮತ್ತು ದಕ್ಷಿಣದಲ್ಲಿ ಮಾತ್ರ ಇದು ಕೈಕೊಡುತ್ತೆ. ಅದು ಕಣಿವೆಯ ಉದ್ದಕ್ಕೆ ಇರೋ ದಿಕ್ಕು, ಇಳಿಜಾರು ಕಾಲಿಗೆ ಗೊತ್ತಾಗಲ್ಲ.

[ಕ್ರಾಸಿಂಗ್‌ನಿಂದ ಸೆಂಟರ್-ಗಾಯ್]

ಈಗ ಇಳಿದು ದಾಟಿ. ಎಲ್ಲ ಗಾಡಿಗೂ ಒಟ್ಟಿಗೇ ಕೆಂಪು, ಐದು ಜೀಬ್ರಾ ಪಟ್ಟಿಗಳಿಗೂ ಒಟ್ಟಿಗೇ ಹಸಿರು, ಒಂದು ಪಟ್ಟಿ ಮೂಲೆಯಿಂದ ಮೂಲೆಗೆ. 1973ರಿಂದ ಹೀಗೇ. ದೀಪ ಮಿಣುಕಲು ಶುರುವಾದ ಮೇಲೆ ಕಾಲಿಡಬೇಡಿ. ನಟ್ಟನಡುವೆ ಟ್ರೈಪಾಡ್ ಹಾಕೋ ಮಹಾನುಭಾವರ ಬಗ್ಗೆ ಬೇರೆ ವಿಡಿಯೋನೇ ಬೇಕು.

ಎಡಕ್ಕೆ ದುಂಡನೆ ಗೋಪುರ "109". ಜಪಾನಿಯಲ್ಲಿ ಹತ್ತು ಅಂದ್ರೆ ತೋ, ಒಂಬತ್ತು ಅಂದ್ರೆ ಕ್ಯೂ. ಕಟ್ಟಿಸಿದ ಕಂಪನಿ ತೋಕ್ಯೂ. ಇಂಥ ಶ್ಲೇಷೆಗೆ ಇಡೀ ಕಟ್ಟಡವನ್ನೇ ಮುಡಿಪಿಟ್ಟವರಿಗೆ ನನ್ನ ನಮಸ್ಕಾರ.

ಸೆಂಟರ್-ಗಾಯ್ ಗದ್ದಲದ ಬೀದಿ. ಅಲ್ಲಿ ಅಂಗಡಿ ನೋಡೋದರ ಜೊತೆಗೆ ವಿಳಾಸದ ಫಲಕ ನೋಡಿ: ಉದಾಗಾವಾ-ಚೋ. "ಗಾವಾ" ಅಂದ್ರೆ ನದಿ. ಉದಾ ನದಿ ಈ ಓಣಿಗಳ ಡಾಂಬರಿನ ಕೆಳಗೇ ಇದೆ, ನಮ್ಮ ರಾಜಕಾಲುವೆಗೆ ಚಪ್ಪಡಿ ಹಾಕಿದ ಹಾಗೆ. ಸುತ್ತಲಿನ ರಸ್ತೆಗಳು ನೇರವಾಗಿದ್ದು ಒಂದು ಓಣಿ ಮಾತ್ರ ಕಾರಣವಿಲ್ಲದೆ ಬಳುಕಿದರೆ, ಅದರ ಕೆಳಗೆ ಹಳೇ ಹೊಳೆ ಇರಬಹುದು ಅಂತ ಅನುಮಾನ ಪಡಿ.

ಅಲ್ಲಿಂದ ಬಲಕ್ಕೆ ಹೊರಳಿ, ಸ್ಪೇನ್-ಜಾಕಾ ಅನ್ನೋ ಕಿರಿದಾದ ಮೆಟ್ಟಿಲ ದಾರಿ ಹತ್ತಿ, ಪಾರ್ಕೋ ಮಾಲ್ ಸೇರಿ. ಆರನೇ ಮಹಡಿಯಲ್ಲಿ ನಿಂಟೆಂಡೋ ಅಂಗಡಿ, ಮಕ್ಕಳಿದ್ದರೆ ಒಂದು ಗಂಟೆ ಹೋಯ್ತು ಅಂತ ಲೆಕ್ಕ. ಪಾರ್ಕೋ ಅಂದ್ರೆ ಇಟಾಲಿಯನ್‌ನಲ್ಲಿ ಉದ್ಯಾನ. 1973ರಲ್ಲಿ ಈ ಮಾಲ್ ತೆರೆದ ಮೇಲೆ ಎದುರಿನ ರಸ್ತೆಗೇ "ಕೋಯೆನ್-ದೋರಿ", ಉದ್ಯಾನದ ಬೀದಿ, ಅಂತ ಹೆಸರಾಯ್ತು. ಅದನ್ನ ಹಿಡಿದು ಇಳೀರಿ, ಹಳಿಯ ಕೆಳಗಿನಿಂದ ಆಚೆ ದಾಟಿ ಮಿಯಾಶಿತಾ ಪಾರ್ಕ್. ಸುಮಾರು 330 ಮೀಟರ್ ಉದ್ದದ ಕಟ್ಟಡ, ಉದ್ಯಾನ ಇರೋದು ಅದರ ನೆತ್ತಿಯಲ್ಲಿ. ಕಾಲು ಚಾಚಿ ಕೂರೋಕೆ ಇದೇ ಜಾಗ, ಶೌಚಾಲಯವೂ ಇಲ್ಲೇ ಮುಗಿಸಿ.

[ಪರದೆಯ ಮೂಲೆಯಲ್ಲಿ ಗಡಿಯಾರ]

ಟೈಮ್ ಓಡ್ತಿದೆ, ಮಧ್ಯದ ಟಿಪ್ಸ್ ಎಲ್ಲ ಒಂದೇ ಉಸಿರಿಗೆ. ಶಿಬುಯಾ ಸ್ಕೈ, ಅಂದ್ರೆ ಸ್ಟೇಷನ್ ಪಕ್ಕದ ಗೋಪುರದ ತುದಿಯ ವೀಕ್ಷಣಾ ತಾಣ, ಹತ್ತೋದಾದರೆ ಟಿಕೆಟ್ ಸಮಯ ಗೊತ್ತುಮಾಡಿ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ. ಸೂರ್ಯಾಸ್ತದ ಹೊತ್ತಿನವು ಮೊದಲು ಮುಗಿಯುತ್ತವೆ. ತೆರೆದ ಛಾವಣಿಗೆ ಬ್ಯಾಗ್, ಟೋಪಿ ಬಿಡಲ್ಲ, ಲಾಕರ್‌ಗೆ 100 ಯೆನ್ ನಾಣ್ಯ ಇಟ್ಕೊಳ್ಳಿ, ಅದು ವಾಪಸ್ ಬರುತ್ತೆ. ಪುಕ್ಕಟೆ ನೋಟ ಸಾಕು ಅನ್ನೋರಿಗೆ ಪೂರ್ವ ಬದಿಯ ಹಿಕಾರಿಯೇ ಕಟ್ಟಡದ 11ನೇ ಮಹಡಿ ಇದೆ. ಬೀದಿಯಲ್ಲಿ ಕಸದ ಡಬ್ಬಿ ಹುಡುಕಬೇಡಿ, ಚೀಲ ಇಟ್ಕೊಳ್ಳಿ. 2024ರ ಅಕ್ಟೋಬರ್‌ನಿಂದ ಸ್ಟೇಷನ್ ಸುತ್ತ ಸಂಜೆ ಆರರಿಂದ ಬೆಳಗ್ಗೆ ಐದರವರೆಗೆ ಬೀದಿಯಲ್ಲಿ ಮದ್ಯ ಕುಡಿಯೋ ಹಾಗಿಲ್ಲ. ಸಸ್ಯಾಹಾರಿಗಳೇ, ತರಕಾರಿ ಊದೋನ್ (ದಪ್ಪ ನೂಡಲ್ಸ್) ಅಂದರೂ ಸಾರು ಸಾಮಾನ್ಯವಾಗಿ ಮೀನಿನ ದಾಶಿಯದ್ದು, ದಾಶಿ ಅಂದ್ರೆ ಸಾರಿನ ಮೂಲ ರಸ. "ಮೀನು ಹಾಕಿದ್ದೀರಾ" ಅಂತ ಕೇಳಿದರೆ ಸಾಲದು, "ದಾಶಿ ಯಾವುದು" ಅಂತ ಕೇಳಿ.

[ಪೂರ್ವ ಬಾಗಿಲು, ಶಿಬುಯಾ ಸ್ಟ್ರೀಮ್]

ಪಾರ್ಕಿಂದ ಇಳಿದು ಸ್ಟೇಷನ್‌ನ ಪೂರ್ವ ಬಾಗಿಲಿಗೆ ಬನ್ನಿ. ಇಲ್ಲಿದ್ದ ಹಳೇ ಡಿಪಾರ್ಟ್‌ಮೆಂಟ್ ಸ್ಟೋರಿನ ಪೂರ್ವ ಭಾಗಕ್ಕೆ ನೆಲಮಾಳಿಗೆಯೇ ಇರಲಿಲ್ಲ. ನೆಲಮಾಳಿಗೆ ಇರಬೇಕಾದ ಜಾಗದಲ್ಲಿ ಶಿಬುಯಾ ನದಿ ಹರೀತಿತ್ತು! ಈಗ ಬಸ್ ನಿಲ್ದಾಣದ ಕೆಳಗೆ, ಸುಮಾರು 25 ಮೀಟರ್ ಆಳದಲ್ಲಿ, 4000 ಟನ್ ನೀರು ಹಿಡಿಯೋ ತೊಟ್ಟಿ ಇದೆ. ಗಂಟೆಗೆ 50 ಮಿಲಿಮೀಟರ್ ಮೀರಿ ಮಳೆ ಸುರಿದಾಗ ನೀರು ಅದಕ್ಕೆ ಇಳಿಯುತ್ತೆ, ಮಳೆ ನಿಂತ ಮೇಲೆ ಪಂಪ್ ಮಾಡಿ ಹೊರಹಾಕ್ತಾರೆ. ಗುಳಿಯ ತಳದಲ್ಲಿ ಊರು ಕಟ್ಟಿದವರು ಕೊಡೋ ಬಾಡಿಗೆ ಇದು. ಧರ್ಮಾಂಬುಧಿ ಕೆರೆ ಅಂಗಳದ ಮೆಜೆಸ್ಟಿಕ್‌ನಲ್ಲಿ ಮಳೆಗಾಲ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಸ್ಟ್ರೀಮ್ ಕಟ್ಟಡದ ಬುಡದಲ್ಲಿ ನದಿ ಕೊನೆಗೂ ಬೆಳಕಿಗೆ ಬರುತ್ತೆ. ಕಾವೇರಿ ನಿರೀಕ್ಷಿಸಬೇಡಿ. ಎರಡು ಕಡೆ ಕಾಂಕ್ರೀಟ್ ಗೋಡೆ, ನಡುವೆ ತೆಳ್ಳಗೆ ನೀರು. ಗೋಡೆಯಿಂದ ಜಾರಿ ಬೀಳೋ ಆ ನೀರು ಮೇಲ್ಗಡೆಯ ಹೊಳೆಯದ್ದಲ್ಲ, ಓಚಿಯಾಯ್ ಘಟಕದಲ್ಲಿ ಶುದ್ಧಮಾಡಿ ಕೊಳವೆಯಲ್ಲಿ ತಂದ ಕೊಳಚೆ ನೀರು. ವಾಸನೆ ಬರುತ್ತಾ ಅಂತ ಬಗ್ಗಿ ನೋಡೋರು ನೋಡಿ.

ದಡದ ಕಾಲುದಾರಿ ನಾಮಿಕಿಬಾಶಿ ಸೇತುವೆವರೆಗೆ ಸುಮಾರು 600 ಮೀಟರ್. 2013ರವರೆಗೆ ತೋಯೋಕೋ ಲೈನ್ ರೈಲು ಇದರ ಪಕ್ಕದಲ್ಲೇ ಕಂಬಗಳ ಮೇಲೆ ಓಡ್ತಿತ್ತು. ಆ ಹಳಿ ಇದ್ದ ಜಾಡಲ್ಲೇ ಮುಂದುವರಿದರೆ ಲಾಗ್ ರೋಡ್ ಅನ್ನೋ ಸಣ್ಣ ಅಂಗಡಿಗಳ ಸಾಲು, ಅದರಾಚೆ ದಾಯ್‌ಕಾನ್‌ಯಾಮಾ ಸ್ಟೇಷನ್.

ಅಲ್ಲಿಂದ ಶಿಬುಯಾಕ್ಕೆ ಒಂದೇ ಸ್ಟಾಪ್. ನಿಮ್ಮನ್ನ ಇಳಿಸೋದು ನೆಲದಡಿ ಐದನೇ ಅಂತಸ್ತಿನಲ್ಲಿ. ವಾಪಸ್ ಗಿಂಜಾ ಲೈನ್ ಹಿಡೀಬೇಕಾ? ಅದು ನೆಲದ ಮೇಲೆ ಮೂರನೇ ಮಹಡಿ. ಕಾಲು ಗಂಟೆ ಕೈಯಲ್ಲಿಟ್ಕೊಂಡು ಎಸ್ಕಲೇಟರ್ ಹತ್ತಿ, ಎಡಕ್ಕೆ ನಿಂತ್ಕೊಳ್ಳಿ.