ಹದಿನಾಲ್ಕರಿಂದ ಹದಿನೈದಕ್ಕೆ: ನಮ್ಮ ಸ್ವಿಫ್ಟ್‌ಗೆ ಬೇರೆ ಅಳತೆಯ ಟೈರ್

ನಮಸ್ಕಾರ ಎಲ್ಲರಿಗೂ. ಡ್ರೈವರ್ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಈ ಸ್ಟಿಕ್ಕರ್ ಕಾಣುತ್ತದೆ. ಟೈರಿನ ಅಳತೆ ಎಷ್ಟು, ಗಾಳಿ ಎಷ್ಟು ಹಾಕಬೇಕು, ಎರಡೂ ಇಲ್ಲೇ ಬರೆದಿರುತ್ತದೆ. ನಮ್ಮದು 2018ರ ಮಾರುತಿ ಸ್ವಿಫ್ಟ್, ವಿಎಕ್ಸ್‌ಐ ಅನ್ನುವ ವೇರಿಯಂಟ್. ಕಂಪನಿಯಿಂದ ಬಂದ ಅಳತೆ 165/80 ಆರ್14. ಇವತ್ತು ಇದನ್ನು ತೆಗೆದು 185/65 ಆರ್15 ಹಾಕಿಸುತ್ತಿದ್ದೇನೆ. ಯಾಕೆ ಇದೇ ಅಳತೆ, ಯಾಕೆ ಇದಕ್ಕಿಂತ ದೊಡ್ಡದು ಬೇಡ ಅಂದೆ ಅನ್ನುವುದನ್ನು ಲೆಕ್ಕ ಸಮೇತ ಹೇಳುತ್ತೇನೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಗಾಡಿ ರಸ್ತೆಯನ್ನು ಮುಟ್ಟುವುದು ಈ ನಾಲ್ಕು ಜಾಗದಲ್ಲಿ ಮಾತ್ರ.

ಮೊದಲು ಅಂಕೆಗಳು. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ, ಅಂದರೆ ಸೈಡ್‌ವಾಲ್. ಇದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 80. 165ರಲ್ಲಿ ಶೇಕಡಾ 80 ಅಂದರೆ 132 ಮಿಲಿಮೀಟರ್. ಆರ್ ಅಂದರೆ ರೇಡಿಯಲ್, ಟೈರಿನ ಒಳಗೆ ದಾರಗಳನ್ನು ಜೋಡಿಸಿದ ರೀತಿ. 14 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಸೇರಿಕೊಂಡಿವೆ. ಅದಕ್ಕೇ ನೋಡಿದ ತಕ್ಷಣ ತಲೆಗೆ ಹತ್ತುವುದಿಲ್ಲ.

ಈಗ ಪೂರ್ತಿ ಚಕ್ರದ ಎತ್ತರ ತೆಗೆಯೋಣ. 14 ಇಂಚು ಅಂದರೆ 355.6 ಮಿಲಿಮೀಟರ್. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಎರಡೂ ಸೇರಿ 264. ಒಟ್ಟು 619.6. ಹೊಸ ಅಳತೆಗೂ ಇದೇ ಲೆಕ್ಕ. 15 ಇಂಚು ಅಂದರೆ 381. 185ರಲ್ಲಿ ಶೇಕಡಾ 65 ಅಂದರೆ 120 ಮಿಲಿಮೀಟರ್ ಚಿಲ್ಲರೆ, ಎರಡು ಗೋಡೆಗೆ 240.5. ಒಟ್ಟು 621.5. ನೋಡಿ, ರಿಮ್ ಒಂದು ಇಂಚು ದೊಡ್ಡದಾಯಿತು, ಟೈರು 20 ಮಿಲಿಮೀಟರ್ ಅಗಲವಾಯಿತು, ಆದರೆ ಪೂರ್ತಿ ಚಕ್ರದ ಎತ್ತರ ಬದಲಾಗಿದ್ದು 2 ಮಿಲಿಮೀಟರಿಗೂ ಕಡಿಮೆ. ಶೇಕಡಾ 0.3. ಚಕ್ರ ಒಂದು ಸುತ್ತು ಸುತ್ತಿದರೆ ಮೊದಲಿಗಿಂತ 6 ಮಿಲಿಮೀಟರ್ ಮುಂದೆ ಹೋಗುತ್ತದೆ, ಅಷ್ಟೇ.

ಅಳತೆ ಬದಲಾಯಿಸುವಾಗ ಎಲ್ಲಕ್ಕಿಂತ ಮೊದಲು ಕಾಪಾಡಬೇಕಾದ್ದು ಈ ಎತ್ತರವನ್ನೇ. ಸ್ಪೀಡೋಮೀಟರು, ಓಡಿದ ಕಿಲೋಮೀಟರು, ಗೇರಿನ ಎಳೆತ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಎಲ್ಲವೂ ಚಕ್ರ ಎಷ್ಟು ಸುತ್ತು ಸುತ್ತುತ್ತದೆ ಅನ್ನುವುದರ ಮೇಲೆ ನಿಂತಿವೆ. ಉದಾಹರಣೆಗೆ, ಹಂಪ್‌ಗಳಿಗೆ ತಳ ತಾಗಬಾರದು ಅಂತ ಕೆಲವರು ಇದೇ ಗಾಡಿಗೆ 195/65 ಆರ್15 ಹಾಕಿಸುತ್ತಾರೆ. ಅದರ ಎತ್ತರ 634.5. ಶೇಕಡಾ 2.4 ಜಾಸ್ತಿ. ಗಾಡಿ ಏಳು ಮಿಲಿಮೀಟರಿನಷ್ಟು ಮೇಲೇಳುತ್ತದೆ, ನಿಜ. ಆದರೆ ಮೀಟರಿನಲ್ಲಿ 100 ತೋರಿಸುವಾಗ ನೀವು ಮೊದಲಿಗಿಂತ ಎರಡೂವರೆ ಕಿಲೋಮೀಟರಿನಷ್ಟು ಜೋರಾಗಿ ಹೋಗುತ್ತಿರುತ್ತೀರಿ. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನುವುದು ವಿಶ್ವಸಂಸ್ಥೆಯ ವಾಹನ ನಿಯಮದಲ್ಲೇ ಇದೆ. ಅದಕ್ಕೇ ಕಂಪನಿಗಳು ಮೀಟರನ್ನು ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಡುತ್ತವೆ. ದೊಡ್ಡ ಚಕ್ರ ಹಾಕಿದರೆ ಆ ಅಂತರ ಕರಗುತ್ತದೆ. ಜೊತೆಗೆ ಫಸ್ಟ್ ಗೇರಿನ ಎಳೆತವೂ ಅಷ್ಟು ಕಡಿಮೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಏರು ರಸ್ತೆ ಅಂದಾಗ ಅದು ಗೊತ್ತಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತದೆಯಾ ಅಂತಲೂ ನೋಡಬೇಕಾಗುತ್ತದೆ.

ಆದರೆ ಎತ್ತರ ಸರಿಯಾಗಿದ್ದರೆ ಸಾಕಾ? ಸಾಲದು. ಈ ಮಾತನ್ನು ಜೋರಾಗಿಯೇ ಹೇಳುತ್ತೇನೆ.

ಟೈರ್ ಅಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ, "ಸಾರ್, ಯಾಕೆ 15ಕ್ಕೆ ನಿಲ್ಲಿಸ್ತೀರಾ? 17 ಹಾಕಿಸಿ. ಲುಕ್ ಬೇರೇನೇ ಬರುತ್ತೆ." ಆ ಗೋಡೆ ಮೇಲೆ ನೇತುಹಾಕಿರುವುದು 17 ಇಂಚಿನ ರಿಮ್. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ಹೊಂದುವ ಅಳತೆ 205/45 ಆರ್17. ಎತ್ತರ 616.3 ಮಿಲಿಮೀಟರ್. ಕಂಪನಿ ಅಳತೆಗಿಂತ ಬರೀ ಶೇಕಡಾ ಅರ್ಧದಷ್ಟು ಕಡಿಮೆ. ಲೆಕ್ಕದಲ್ಲಿ ಪಾಸ್. ಆದರೆ ಸೈಡ್‌ವಾಲ್ ನೋಡಿ. 132 ಇದ್ದದ್ದು 92ಕ್ಕೆ ಇಳಿಯಿತು. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರು ಮತ್ತು ಗಾಳಿ 40 ಮಿಲಿಮೀಟರ್ ಕಡಿಮೆಯಾಯಿತು. ಹಾಸಿಗೆ ತೆಳ್ಳಗಾದಷ್ಟೂ ನೆಲ ಮೈಗೆ ಚುಚ್ಚುತ್ತದೆ ಅಲ್ವಾ, ಇಲ್ಲಿ ಚುಚ್ಚುವುದು ರಿಮ್ಮಿಗೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ. ಅರವತ್ತರಲ್ಲಿ ಬಂದು ಅದರ ಅಂಚಿಗೆ ಹೊಡೆದರೆ ಸೈಡ್‌ವಾಲ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡು ಒಳಗಿನ ದಾರಗಳು ಹರಿಯುತ್ತವೆ. ಆಮೇಲೆ ಅಲ್ಲಿ ಉಬ್ಬು ಬರುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ. ಅದನ್ನು ಎಸೆಯಬೇಕು.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕೆ, ಒಂದು ಅಕ್ಷರ ಇರುತ್ತದೆ. ನಮ್ಮ ಹಳೆಯ ಟೈರಿನಲ್ಲಿ 85 ಇದೆ. ಇದು ಭಾರದ ಅಂಕೆ. 85 ಅಂದರೆ ಒಂದು ಟೈರು 515 ಕೆಜಿ ಹೊರಬಲ್ಲದು. ಹೊಸದರಲ್ಲಿ 88, ಅಂದರೆ 560 ಕೆಜಿ. 205/45 ಆರ್17ರಲ್ಲಿ 84 ಬರೆದ ಟೈರುಗಳಿವೆ. 84 ಅಂದರೆ 500 ಕೆಜಿ. ನೋಡಲು ದಪ್ಪಗೆ, ಅಗಲವಾಗಿ ಕಾಣುವ ಟೈರು ನಮ್ಮ ಸಣ್ಣ ಟೈರಿಗಿಂತ ಕಡಿಮೆ ಭಾರ ಹೊರುತ್ತದೆ. ಹಾಗಾಗಿ ಅಳತೆ ಯಾವುದೇ ಇರಲಿ, ಭಾರದ ಅಂಕೆ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿಳಿಯಬಾರದು. ಅಕ್ಷರ ವೇಗದ್ದು. ಎಸ್ ಅಂದರೆ 180 ಕಿಲೋಮೀಟರ್, ಟಿ ಅಂದರೆ 190, ಎಚ್ ಅಂದರೆ 210. ಅದೂ ಇಳಿಯಬಾರದು.

ಹಾಗಾದರೆ 185/65 ಆರ್15 ಎಲ್ಲಿಂದ ಬಂತು? ಅದನ್ನು ನಾನು ಹುಡುಕಿ ತೆಗೆದಿದ್ದಲ್ಲ. ಇದೇ ಸ್ವಿಫ್ಟ್‌ನ ಮೇಲಿನ ವೇರಿಯಂಟ್ ಝಡ್‌ಎಕ್ಸ್‌ಐಗೆ ಮಾರುತಿಯವರೇ ಹಾಕಿ ಕೊಡುವ ಅಳತೆ ಅದು. ಅದೇ ಸಸ್ಪೆನ್ಷನ್ ವಿನ್ಯಾಸ, ಅದೇ ಮಡ್‌ಗಾರ್ಡ್ ಒಳಗಿನ ಜಾಗ. ಆ ಗಾಡಿಯಲ್ಲಿ ಕಂಪನಿಯ ಎಂಜಿನಿಯರುಗಳು ಓಡಿಸಿ ನೋಡಿ ಒಪ್ಪಿದ ಅಳತೆಯನ್ನು ನಮ್ಮ ಗಾಡಿಗೂ ತಂದಿದ್ದೇನೆ, ಅಷ್ಟೇ. ಯಾರಾದರೂ ನನ್ನನ್ನು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ. ನಿಮ್ಮ ಗಾಡಿಯ ಟಾಪ್ ವೇರಿಯಂಟ್‌ಗೆ ಯಾವ ಅಳತೆ ಬರುತ್ತದೆ ನೋಡಿ. ನಿಮ್ಮ ಮಿತಿ ಅದು. ಅದನ್ನು ದಾಟಬೇಡಿ.

ಕಾನೂನಿನ ಕಡೆಯಿಂದ ನೋಡಿದರೂ ಇದೇ ಸರಿ ಅಂತ ನನಗೆ ಅನಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮಡ್‌ಗಾರ್ಡಿನಿಂದ ಆಚೆ ಚಾಚಿಕೊಂಡ ಟೈರನ್ನು ಪೊಲೀಸರು ದೂರದಿಂದಲೇ ಗುರುತಿಸುತ್ತಾರೆ. ಇನ್ಶೂರೆನ್ಸ್‌ನವರಿಗೂ ಹೊಸ ಅಲಾಯ್, ಅಂದರೆ ಮಿಶ್ರಲೋಹದ ರಿಮ್, ಹಾಕಿಸಿದ್ದನ್ನು ಮೊದಲೇ ತಿಳಿಸಿ, ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಕ್ಲೇಮ್ ಮಾಡುವ ದಿನ ಅವರೇ ಕಂಡುಹಿಡಿಯುವುದಕ್ಕಿಂತ ಅದು ಮೇಲು.

ಈಗ ರಿಮ್. ನಾನು ಝಡ್‌ಎಕ್ಸ್‌ಐಗೆ ಬರುವ ಕಂಪನಿ ಅಲಾಯ್ ಅನ್ನೇ ತೆಗೆದುಕೊಂಡೆ. ದುಡ್ಡು ಜಾಸ್ತಿ ಆಯಿತು, ಆದರೆ ನೆಮ್ಮದಿ. ಹೊರಗಿನ ಅಲಾಯ್ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ನೋಡಿ. ಸ್ವಿಫ್ಟ್‌ಗೆ ನಾಲ್ಕು ನಟ್. ಆ ನಟ್ಟುಗಳು ಕೂರುವ ವೃತ್ತದ ವ್ಯಾಸ 100 ಮಿಲಿಮೀಟರ್, ಅಂಗಡಿಯವರು ಪಿಸಿಡಿ ಅನ್ನುವುದು ಇದಕ್ಕೇ. ನಡುವಿನ ದೊಡ್ಡ ತೂತು 54.1 ಮಿಲಿಮೀಟರ್. ಹೊರಗಿನ ಅಲಾಯ್‌ಗಳು ಬೇರೆ ಬೇರೆ ಗಾಡಿಗೆ ಹೊಂದಲಿ ಅಂತ ಈ ತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ. 73.1 ಇರುವುದು ಸಾಮಾನ್ಯ. ಆಗ ಚಕ್ರ ಹಬ್ ಮೇಲೆ, ಅಂದರೆ ಗಾಡಿಯಲ್ಲಿ ಚಕ್ರವನ್ನು ಹೊರುವ ನಡುವಿನ ಭಾಗದ ಮೇಲೆ, ಸರಿಯಾಗಿ ನಡುವಿಗೆ ಕೂರುವುದಿಲ್ಲ. ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ ಎಂಬತ್ತು ದಾಟಿದರೆ ಸ್ಟೀರಿಂಗ್ ನಡುಗಬಹುದು. ಅದಕ್ಕೆ ಹಬ್ ರಿಂಗ್ ಅಂತ ಒಂದು ಬಳೆ ಬರುತ್ತದೆ. ಅದನ್ನು ಕೇಳಿ ಹಾಕಿಸಿಕೊಳ್ಳಿ. ಆಫ್‌ಸೆಟ್ ಕೂಡ ಹೊಂದಬೇಕು, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದು. ಚಕ್ರ ಹೊರಗೆ ಬಂದಷ್ಟೂ ವೀಲ್ ಬೇರಿಂಗ್ ಮೇಲೆ ಹೊರೆ ಜಾಸ್ತಿ.

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಗೆ ಹೋದರೆ ಇದೆಲ್ಲ ಕಣ್ಣಿಗೆ ಕಾಣುವ ಹಾಗೆ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಬಹುದು. ಟೈರು ಕೊಳ್ಳುವಾಗ ತಯಾರಾದ ವಾರ ನೋಡುವುದನ್ನು ಮರೆಯಬೇಡಿ. ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ. 2324 ಅಂದರೆ 2024ರ 23ನೇ ವಾರ.

ಈಗ ಗಾಡಿ ಲಿಫ್ಟ್ ಮೇಲೆ ಏರಿದೆ. ಹಳೆಯದನ್ನು ಬಿಚ್ಚುತ್ತಿದ್ದಾರೆ. ಟ್ರೆಡ್, ಅಂದರೆ ರಸ್ತೆ ಮುಟ್ಟುವ ಭಾಗದ ಸಾಲುಗಳು, ಎಷ್ಟು ಸವೆದಿದೆ ನೋಡಿ. 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರ ಟೈರು ಮುಗಿಯಿತು. ಆ ಸಾಲುಗಳ ನಡುವೆ ಸಣ್ಣ ದಿಣ್ಣೆಯ ಹಾಗಿರುವ ಗುರುತು ಅದನ್ನೇ ತೋರಿಸುತ್ತದೆ. ಹೇಗೂ ಬದಲಾಯಿಸುವ ಸಮಯ ಬಂದಿತ್ತು, ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು. ಚೆನ್ನಾಗಿರುವ ಟೈರನ್ನು ಸುಮ್ನೆ ತೆಗೆಸಬೇಡಿ.

ಸರಿ, ರಸ್ತೆಗೆ ಬಂದೆವು. ಊರು ಮೂಡಿಗೆರೆ ಕಡೆ. ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟರೆ ಚಾರ್ಮಾಡಿ ಘಾಟಿಯೇ ದಾರಿ. ಈಗ ಕಾಣುತ್ತಿರುವುದು ಕೊಟ್ಟಿಗೆಹಾರ ದಾಟಿದ ಮೇಲಿನ ತಿರುವುಗಳು. ಪಕ್ಕದಲ್ಲಿ ಅಪ್ಪ ಕೂತಿದ್ದಾರೆ. ಗಾಡಿ ತಿರುವಿನಲ್ಲಿ ಮೊದಲಿನಷ್ಟು ವಾಲುತ್ತಿಲ್ಲ. ಸೈಡ್‌ವಾಲ್ ಗಿಡ್ಡವಾದ್ದರಿಂದ ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ. "ಈಗ ಗಾಡಿ ಹೇಳಿದ ಮಾತು ಕೇಳುತ್ತೆ ಕಣೋ" ಅಂದರು ಅಪ್ಪ. ಹೈವೇಯಲ್ಲಿ ಪಕ್ಕದಿಂದ ಬಸ್ಸು ಹಾದುಹೋದಾಗ ಆಗುತ್ತಿದ್ದ ಅಲುಗಾಟವೂ ಕಡಿಮೆಯಾಗಿದೆ. ಈ ಎರಡು ಲಾಭ ನನಗೆ ಸ್ಪಷ್ಟವಾಗಿ ಗೊತ್ತಾಗಿದೆ.

ನಷ್ಟವೂ ಇದೆ. ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ಸ್ವಲ್ಪ ಭಾರ. ಚಿಕ್ಕ ಹಂಪ್‌ಗಳ ಕುಲುಕಾಟ ಮೊದಲಿಗಿಂತ ಜಾಸ್ತಿ ಒಳಗೆ ಬರುತ್ತದೆ. ಟೈರು ಅಗಲವಾದ್ದರಿಂದ ಮೈಲೇಜ್ ಕೂಡ ಸ್ವಲ್ಪ ಇಳಿಯುತ್ತದೆ. ದಿನವೂ ಸಿಟಿಯಲ್ಲೇ ಓಡಿಸುವವರು, ಮೈಲೇಜೇ ಮುಖ್ಯ ಅನ್ನುವವರು 165/80ರಲ್ಲೇ ಒಳ್ಳೆಯ ಟೈರು ಹಾಕಿಸಿಕೊಳ್ಳಿ. ಅದರಲ್ಲಿ ಏನೂ ಕೊರತೆ ಇಲ್ಲ.

ಮಳೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ. ಅಗಲ ಟೈರು ಹಾಕಿದರೆ ಮಳೆಯಲ್ಲಿ ಜಾರುವುದಿಲ್ಲ ಅಂತ. ಒಣ ರಸ್ತೆಯಲ್ಲಿ ಅಗಲ ಟೈರಿನ ಹಿಡಿತ ಒಳ್ಳೆಯದು, ನಿಜ. ನಿಂತ ನೀರಿನಲ್ಲಿ ಕಥೆ ಬೇರೆ. ಅಗಲವಾದಷ್ಟೂ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲು ಆಗದಿದ್ದರೆ ಟೈರು ನೀರಿನ ಮೇಲೆಯೇ ತೇಲುತ್ತದೆ, ಸ್ಟೀರಿಂಗ್ ಖಾಲಿ ಖಾಲಿ ಅನಿಸುತ್ತದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು. ಅಲ್ಲಿಂದ ಬಂದ ಸೂತ್ರದಲ್ಲಿ ತೇಲುವ ವೇಗ ಟೈರಿನ ಗಾಳಿಯ ಒತ್ತಡದ ಮೇಲೆ ನಿಂತಿದೆ. ಆ ಲೆಕ್ಕದಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಸುಮಾರು 94 ಕಿಲೋಮೀಟರಿನಲ್ಲಿ ತೇಲಲು ಶುರು. 24ಕ್ಕೆ ಇಳಿದರೆ 82ರಲ್ಲೇ ಶುರು. ಕಾರಿನ ಟೈರಿಗೆ, ಒಳ್ಳೆಯ ಟ್ರೆಡ್ ಇದ್ದಾಗ ಈ ಅಂಕೆ ಹಾಗೆಯೇ ಒಪ್ಪುವುದಿಲ್ಲ. ಆದರೆ ಗಾಳಿ ಕಡಿಮೆಯಾದರೆ ಅಪಾಯ ಬೇಗ ಬರುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ. ಮಳೆಗಾಲದಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಇಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಅಳತೆಗೆ ಎಷ್ಟು ಗಾಳಿ ಬೇಕು ಅಂತ ಝಡ್‌ಎಕ್ಸ್‌ಐ ಗಾಡಿಯ ಸ್ಟಿಕ್ಕರ್ ನೋಡಿ ಅಷ್ಟೇ ಹಾಕಿ, ಟೈರು ತಣ್ಣಗಿರುವಾಗ.

ಇನ್ನು ಸ್ಟೆಪ್ನಿ. ಡಿಕ್ಕಿಯಲ್ಲಿರುವುದು ಹಳೆಯ 14 ಇಂಚಿನದೇ. ಎತ್ತರದಲ್ಲಿ 2 ಮಿಲಿಮೀಟರ್ ವ್ಯತ್ಯಾಸ ಇರುವುದರಿಂದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ತೊಂದರೆ ಇಲ್ಲ. ಅದನ್ನೇ ಹಾಕಿಕೊಂಡು ದಿನಗಟ್ಟಲೆ ಓಡಿಸಬಾರದು, ಅಗಲ ಬೇರೆ, ಹಿಡಿತ ಬೇರೆ. ಇನ್ನೊಂದು ಮಾತು. ಅಲಾಯ್‌ಗೆ ಹಾಕುವ ನಟ್ಟಿನ ಆಕಾರ ಸ್ಟೀಲ್ ರಿಮ್ಮಿಗೂ ಹೊಂದುತ್ತದೆಯಾ ಅಂತ ಅಂಗಡಿಯಲ್ಲೇ ಕೂರಿಸಿ ನೋಡಿ. ಹೊಂದದಿದ್ದರೆ ಹಳೆಯ ನಟ್ಟುಗಳ ಒಂದು ಸೆಟ್ ಸ್ಟೆಪ್ನಿಯ ಜೊತೆಗೇ ಇಟ್ಟಿರಿ. ರಾತ್ರಿ ಘಾಟಿಯಲ್ಲಿ ನಿಂತು ಹುಡುಕಿದರೆ ಅದು ಸಿಗುವುದಿಲ್ಲ.

ಹಳೆಯ ಸ್ಟೀಲ್ ರಿಮ್‌ಗಳಿಗೆ ಅಂಗಡಿಯವರು ಒಂದು ಬೆಲೆ ಹೇಳಿದರು. ನಾನು ಕೊಡಲಿಲ್ಲ. ಗಾಡಿ ಮಾರುವಾಗ ಕೊಳ್ಳುವವರು ಮೂಲ ರಿಮ್ ಕೇಳಬಹುದು, ಆರ್‌ಟಿಒದಲ್ಲಿ ತಕರಾರು ಬಂದರೆ ಸಂಜೆಯೊಳಗೆ ಹಳೆಯ ಅಳತೆಗೆ ವಾಪಸ್ ಬರಬಹುದು. ನಾಲ್ಕನ್ನೂ ತೊಳೆದು, ಒರೆಸಿ, ಊರಿನ ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಹೊಸ ನಟ್ಟುಗಳನ್ನು ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಮಾಡಿಸಬೇಕು. ನಾಳೆ ಬೆಂಗಳೂರಿಗೆ ಹೊರಡುವ ಮುಂಚೆ ಅದನ್ನೇ ಮಾಡಿಸುತ್ತೇನೆ, ನಟ್ಟನ್ನು ಅಳತೆ ಪ್ರಕಾರ ಬಿಗಿಮಾಡುವ ಟಾರ್ಕ್ ರೆಂಚ್ ಇರುವ ಅಂಗಡಿಯಲ್ಲೇ.