ಮುಖಗಳಿಲ್ಲದ ವ್ಲಾಗ್: ತೋಟದ ಬಂಗಲೆಯಲ್ಲಿ ಎರಡು ದಿನ

ನಮಸ್ಕಾರ. ಈ ವ್ಲಾಗ್‌ನಲ್ಲಿ ನಿಮಗೆ ಒಂದೇ ಒಂದು ಮುಖವೂ ಕಾಣುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕ್ಯಾಮೆರಾ ಕೆಟ್ಟಿತ್ತೇ ಎಂದು ಕೇಳಬೇಡಿ. ಕಾಣುವುದು ಇಷ್ಟೇ: ಬಾಗಿಲ ಬಳಿ ಬಿಟ್ಟ ನಲವತ್ತು ಜೊತೆ ಚಪ್ಪಲಿ, ಕಾಫಿ ಲೋಟಗಳು, ಕಾವಿ ನೆಲದ ಮೇಲೆ ಕುರ್ಚಿಯ ಕಾಲು ಎಳೆದ ಗೀರು, ಮತ್ತು ಮಳೆ. ಗಂಡ ಹೆಂಡತಿಯ, ಅಪ್ಪ ಮಗನ ಮನಸ್ತಾಪ ಕೇಳುವುದನ್ನೇ ಕಸುಬು ಮಾಡಿಕೊಂಡವರು ಒಂದು ಕಡೆ ಸೇರಿದಾಗ ಯಾರಾದರೂ ಕ್ಯಾಮೆರಾ ಎತ್ತಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲಲೂಬೇಕು.

ಇದು ಬೆಳಗಿನ ಬಸ್ಸು. ಕುಶಾಲನಗರದಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರ್. ಆನೆಕಾಡು ದಾಟುವಾಗ ಕಿಟಕಿ ಪಕ್ಕದವರೆಲ್ಲ ಇಂದಿಗೂ ಹೊರಗೆ ಇಣುಕುತ್ತಾರೆ, ದಿನಾ ಓಡಾಡುವವರೂ ಸೇರಿ. ಸುಂಟಿಕೊಪ್ಪ ಕಳೆದ ಮೇಲೆ ತೋಟಗಳು. ಮಾರ್ಚ್ ತಿಂಗಳು, ಕಾಫಿ ಗಿಡಗಳು ಬಾಡಿ ಎಲೆ ಜೋತುಬಿದ್ದಿವೆ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಆಕಾಶ ನೋಡಿ, ನನ್ನನ್ನು ನೋಡಿ, "ಇವತ್ತೋ ನಾಳೆಯೋ ಬರಬೇಕಮ್ಮ" ಎಂದರು. ಯಾರು ಎಂದು ನಾನು ಕೇಳಲಿಲ್ಲ. ಕೊಡಗಿನಲ್ಲಿ ಮಾರ್ಚ್‌ನಲ್ಲಿ ಬರಬೇಕಾದದ್ದು ಒಂದೇ, ಕಾಫಿ ಹೂ ಅರಳಿಸುವ ಹೂಮಳೆ.

ನಾನು ಕುಶಾಲನಗರದಲ್ಲಿ ಆಪ್ತಸಮಾಲೋಚಕಿ. ಒಂದು ಕೋಣೆ, ಮೂರು ಕುರ್ಚಿ. ನಾಲ್ಕನೆಯವರು ಬಂದರೆ ಪಕ್ಕದ ಝೆರಾಕ್ಸ್ ಅಂಗಡಿಯಿಂದ ಸ್ಟೂಲು. ಹೊರಟಿದ್ದು ಮಡಿಕೇರಿಯಿಂದ ಹತ್ತು ಕಿಲೋಮೀಟರ್ ಆಚೆ, ತೋಟವೊಂದರ ಹಳೆಯ ಬಂಗಲೆಗೆ. ದಂಪತಿ ಮತ್ತು ಕೌಟುಂಬಿಕ ಚಿಕಿತ್ಸೆಯ ಎರಡು ದಿನದ ಕಾರ್ಯಾಗಾರ, ಶುಲ್ಕ ಮೂರೂವರೆ ಸಾವಿರ. ಊಟ ಸೇರಿ, ಆದ್ದರಿಂದ ದುಬಾರಿ ಎನ್ನಲಾರೆ.

ಯಾರು ಬರುತ್ತಾರೆ ಇಂಥದಕ್ಕೆ? ಅಮೆರಿಕದಲ್ಲಾದರೆ ಉತ್ತರ ಸುಲಭ. ಅಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕ ಎಂಬುದೇ ಒಂದು ವೃತ್ತಿ. ಅವರ ಸಂಘ ಹುಟ್ಟಿದ್ದು 1942ರಲ್ಲಿ, ಪರವಾನಗಿ ಕೊಡುವುದು ಆಯಾ ರಾಜ್ಯ. ನಮ್ಮಲ್ಲಿ ಆ ಹೆಸರಿನ ಪ್ರತ್ಯೇಕ ಪರವಾನಗಿ ಇಲ್ಲ. ಹಾಗಾಗಿ ನಮ್ಮ ಸಭೆ ಜಾತ್ರೆಯಂತೆ. ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಕೌಟುಂಬಿಕ ನ್ಯಾಯಾಲಯದ ಸಮಾಲೋಚಕರು, ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ದುಡಿಯುವವರು, ಕಾಲೇಜು ಮೇಷ್ಟರು, ಇಬ್ಬರು ಕ್ರೈಸ್ತ ಸಿಸ್ಟರುಗಳು. ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನವೀಕರಿಸಲು ಕಲಿಕೆಯ ಅಂಕ ತೋರಿಸಬೇಕು. ಕೆಲವರು ಬರುವುದೇ ಆ ಅಂಕಕ್ಕೆ. ಬರಲಿ ಬಿಡಿ. ಪ್ರಸಾದಕ್ಕೆಂದು ಬಂದವರೂ ಒಂದು ಸುತ್ತು ಪ್ರದಕ್ಷಿಣೆ ಹಾಕಿಯೇ ಹೋಗುತ್ತಾರೆ.

ಮೊದಲ ಗೋಷ್ಠಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆಯ ಮೇಲೆ ಅರವತ್ತಕ್ಕೂ ಹೆಚ್ಚು ಸ್ಲೈಡುಗಳು, ಪ್ರತಿಯೊಂದರಲ್ಲೂ ಇರುವೆ ಸಾಲಿನಂಥ ಅಕ್ಷರ, ಮಾತನಾಡುತ್ತಿದ್ದವರು ನಮಗೆ ಬೆನ್ನು ಹಾಕಿ ಅದನ್ನೇ ಓದುತ್ತಿದ್ದರು. ಪಕ್ಕದ ಸಿಸ್ಟರ್ ಜಪಮಾಲೆ ತೆಗೆದರು. ಕೇಳುವುದೇ ನಮ್ಮ ಕಸುಬು ಎನ್ನುವವರ ಸಭೆಯಲ್ಲಿ, ಯಾರೂ ಕೇಳುತ್ತಿಲ್ಲ ಎಂಬುದು ಹೇಳುವವರಿಗೆ ಗೊತ್ತಾಗದೇ ಇರುವುದು ಹೇಗೆ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಗಂಟೆಯಲ್ಲಿ ಬರೆದ ಏಕೈಕ ಟಿಪ್ಪಣಿ ಅದು.

ಹನ್ನೊಂದೂ ಮುಕ್ಕಾಲಿಗೆ ಗುಡುಗು. ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಹೊರಗೆ ಯಾರೋ "ಮೆಣಸು!" ಎಂದು ಕೂಗಿದರು.

ಈಗ ನೋಡುತ್ತಿದ್ದೀರಲ್ಲ, ಕ್ಯಾಮೆರಾ ಅಲ್ಲಾಡುತ್ತಿದೆ, ಕ್ಷಮಿಸಿ, ಓಡುತ್ತಿದ್ದೇನೆ. ಮಾರ್ಚ್ ಎಂದರೆ ಕಾಳುಮೆಣಸು ಕೊಯ್ದು ಒಣಹಾಕುವ ಕಾಲವೂ ಹೌದು. ಕಾಫಿಗೆ ಅಮೃತವಾದ ಮಳೆ ಕಣದಲ್ಲಿ ಹರಡಿದ ಮೆಣಸಿಗೆ ವಿಷ. ತೋಟದ ಕೆಲಸದವರ ಜೊತೆ ನಾವೆಲ್ಲ ಟಾರ್ಪಾಲಿನ ಒಂದೊಂದು ಅಂಚು ಹಿಡಿದು ಮೆಣಸನ್ನು ನಡುವಿಗೆ ಗುಡ್ಡೆ ಮಾಡಿ, ಮಡಚಿ, ಜಗಲಿಗೆ ಎಳೆದೆವು. ಬೆಳಗಿನಿಂದ ಎದೆಯ ಮೇಲೆ ಹೆಸರಿನ ಚೀಟಿ ತೂಗುಹಾಕಿಕೊಂಡಿದ್ದರೂ ಯಾರ ಹೆಸರೂ ಗೊತ್ತಿರಲಿಲ್ಲ. ಆ ಹತ್ತು ನಿಮಿಷದಲ್ಲಿ ಎಲ್ಲರ ಹೆಸರೂ ಬಂತು. "ಏ ಸರ್, ನಿಮ್ಮ ಕಡೆ ಎತ್ತಿ!" "ಸಿಸ್ಟರ್, ಜಾರುತ್ತದೆ, ನಿಧಾನ!"

ಜಗಲಿಯಲ್ಲಿ ಕೂದಲು ಒರೆಸಿಕೊಳ್ಳುತ್ತಿರುವಾಗಲೇ ಸ್ಥಳೀಯರ ಫೋನುಗಳು ಶುರುವಾದವು. ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಸೆಂಟು?" ಹೊರಗಿನವರಿಗೆ ಹೇಳುತ್ತೇನೆ, ಕೊಡಗಿನ ಬೆಳೆಗಾರರು ಮಳೆಯನ್ನು ಅಳೆಯುವುದು ಇಂಚಿನಲ್ಲಿ, ಇಂಚಿನ ನೂರನೇ ಒಂದು ಭಾಗವೇ ಸೆಂಟು. ನನಗೂ ಶನಿವಾರಸಂತೆಯ ಕಡೆಯ ಊರಿನಿಂದ ಅಪ್ಪನ ಕರೆ. ಎರಡೂವರೆ ಎಕರೆ ಕಾಫಿ ಅವರದು. "ಅಲ್ಲಿ ಬಂತಾ? ಇಲ್ಲಿ ಬರೀ ಗುಡುಗು ಮಗಳೇ." ನಿಂತ ಮೇಲೆ ಅಳೆದು ಹೇಳುತ್ತೇನೆ ಎಂದೆ.

ಮಧ್ಯಾಹ್ನವೂ ಕರೆಂಟು ಬರಲಿಲ್ಲ. ಆದರೆ ಈ ಎರಡು ದಿನದ ನಿಜವಾದ ಪಾಠ ಆ ಕತ್ತಲೆಯಲ್ಲೇ ಆಯಿತು. ಸಂಪನ್ಮೂಲ ವ್ಯಕ್ತಿ, ಎಪ್ಪತ್ತರ ಹತ್ತಿರದ ಹೆಂಗಸು, ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ಜೀವನ ಕಳೆದವರು, ಕಿಟಕಿಯ ಗಾಜು ತೋರಿಸಿ ಕೇಳಿದರು, "ಒಮ್ಮುಖ ಕನ್ನಡಿ ಕೆಲಸ ಮಾಡುವುದು ಹೇಗೆ ಗೊತ್ತೇ?"

ಕುಟುಂಬ ಚಿಕಿತ್ಸೆಯಲ್ಲಿ ಬಹಳ ಕಾಲ ನಡೆದುಬಂದ ಪದ್ಧತಿ ಇದು. ಒಂದು ಕೋಣೆಯಲ್ಲಿ ಕುಟುಂಬ ಮತ್ತು ಚಿಕಿತ್ಸಕ, ಕನ್ನಡಿಯ ಹಿಂದೆ ಇನ್ನೊಂದು ಕೋಣೆಯಲ್ಲಿ ಚಿಕಿತ್ಸಕರ ತಂಡ. ಕನ್ನಡಿಯಲ್ಲಿ ಜಾದೂ ಏನಿಲ್ಲ. ಬೆಳಕಿರುವ ಕೋಣೆಯವರಿಗೆ ತಮ್ಮದೇ ಬಿಂಬ ಕಾಣುತ್ತದೆ, ಕತ್ತಲ ಕೋಣೆಯವರಿಗೆ ಆಚೆಯವರು ಕಾಣುತ್ತಾರೆ. 1985ರ ಮಾರ್ಚ್‌ನಲ್ಲಿ ನಾರ್ವೆಯ ಟ್ರೋಮ್ಸೋದಲ್ಲಿ ಮನೋವೈದ್ಯ ಟಾಮ್ ಆಂಡರ್ಸನ್ ಮತ್ತು ತಂಡದವರು ಬೆಳಕನ್ನೂ ಧ್ವನಿಯನ್ನೂ ಅದಲುಬದಲು ಮಾಡಿದರು. ನಾವು ನಿಮ್ಮ ಬಗ್ಗೆ ಮಾತನಾಡಿಕೊಳ್ಳುವುದನ್ನು ನೀವೇ ಕೇಳುತ್ತೀರಾ ಎಂದು ಕುಟುಂಬವನ್ನು ಕೇಳಿ, ತಾವಿದ್ದ ಕೋಣೆಯ ದೀಪ ಹಾಕಿದರು. ಪರಿಣತರು ಬೆನ್ನ ಹಿಂದೆ ಆಡುತ್ತಿದ್ದ ಮಾತು ಅಂದು ಎದುರಿಗೆ ಬಂತು. ಈ ಪದ್ಧತಿಯನ್ನು ರಿಫ್ಲೆಕ್ಟಿಂಗ್ ಟೀಮ್ ಎನ್ನುತ್ತಾರೆ. ನಿಯಮಗಳು ಕಡಿಮೆ. ತಂಡದವರು ಪರಸ್ಪರ ಮಾತನಾಡಿಕೊಳ್ಳಬೇಕು, ಕುಟುಂಬದ ಕಡೆ ನೋಡಬಾರದು. ತೀರ್ಪು ಕೊಡಬಾರದು, "ನನಗೆ ಹೀಗೆ ಅನ್ನಿಸಿತು", "ಹೀಗೂ ಇರಬಹುದೇನೋ" ಎಂಬ ಧಾಟಿ ಇರಬೇಕು.

ಇದನ್ನು ಕೇಳಿದ ಕೂಡಲೇ ಸಾಂತ್ವನ ಕೇಂದ್ರದ ಅಕ್ಕ ಒಬ್ಬರು ನಕ್ಕುಬಿಟ್ಟರು. "ಮೇಡಂ, ಇದನ್ನು ನಮ್ಮ ಅತ್ತೆಯಂದಿರು ಯಾವಾಗಿನಿಂದಲೋ ಮಾಡುತ್ತಾ ಬಂದಿದ್ದಾರೆ. ಸೊಸೆಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಾರೆ." ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಯೋಚಿಸಿದರು. "ಹೌದು. ಅದೇ ಕಿವಿ, ಅದೇ ಗೋಡೆ. ಆದರೆ ಸೊಸೆ ಅಲ್ಲಿ ಕೇಳಿಸಿಕೊಳ್ಳಲೇಬೇಕು. ಇಲ್ಲಿ ಬೇಡದ್ದನ್ನು ಬಿಟ್ಟು ಎದ್ದುಹೋಗಬಹುದು" ಎಂದರು.

ಆಮೇಲೆ ಅಭಿನಯ. ಕಟ್ಟುಕತೆಯ ಕುಟುಂಬ, ಆದರೆ ಈ ಜಿಲ್ಲೆಯಲ್ಲಿ ಪ್ರತಿ ತಿರುವಿಗೊಂದು ಸಿಗುವಂಥದು: ತೋಟ ಬಿಟ್ಟು ಬರಲೊಲ್ಲದ ಅಪ್ಪ, ಮಾರಿಬಿಡೋಣ ಎನ್ನುವ ಬೆಂಗಳೂರಿನ ಮಗ, "ಎಲ್ಲಾ ಅವಳ ಕಿತಾಪತಿ" ಎನಿಸಿಕೊಂಡ ಸೊಸೆ. ಚಿಕಿತ್ಸಕಿಯ ಕುರ್ಚಿಯಲ್ಲಿ ನಾನು. ಅಪ್ಪನ ಪಾತ್ರಕ್ಕೆ ಕಾಲೇಜು ಮೇಷ್ಟರು, ಎಷ್ಟು ಚೆನ್ನಾಗಿ ಮಾಡಿದರೆಂದರೆ ನನಗೆ ಮೈ ಉರಿಯಿತು. ಸೊಸೆ ಬಾಯಿ ತೆರೆದಾಗಲೆಲ್ಲ ಅವರು ಕಿಟಕಿಯ ಹೊರಗೆ ಮಳೆ ನೋಡುತ್ತಿದ್ದರು. ನಾನು ಬಹಳ ಸಮತೋಲನದಿಂದ ನಡೆಸಿಕೊಂಡು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಹನ್ನೆರಡು ನಿಮಿಷಕ್ಕೆ ಮೇಡಂ ಕೈ ಎತ್ತಿ ನಿಲ್ಲಿಸಿದರು.

"ಒಮ್ಮೆ ಎದ್ದು ನಿಮ್ಮ ಕುರ್ಚಿ ನೋಡಿ."

ಇದೇ ಆ ಚಿತ್ರ, ಇದನ್ನು ತೆಗೆಯಲು ಎಲ್ಲರ ಒಪ್ಪಿಗೆ ಸಿಕ್ಕಿತು. ಹೊರಗೆ ಓಡಿ ಬಂದ ಕಾಲುಗಳ ಕೆಂಪು ಮಣ್ಣು, ಅದರ ಮೇಲೆ ನಾಲ್ಕು ಗೀರುಗಳು. ನನ್ನ ಕುರ್ಚಿ ಸೊಸೆಯ ಕುರ್ಚಿಯ ಕಡೆಗೆ ಒಂದೂವರೆ ಅಡಿ ಸರಿದಿತ್ತು. ನನ್ನ ಬಾಯಿ ಮೂವರಿಗೂ ಸಮನಾಗಿ ಮಾತನಾಡುತ್ತಿದ್ದಾಗ ಕಾಲುಗಳು ಆಗಲೇ ಪಕ್ಷ ವಹಿಸಿದ್ದವು. ಒಂದು ಸಲಕ್ಕೆ ಅಷ್ಟು ಸರಿಯುವುದು ಸಾಧ್ಯವಿಲ್ಲ. ಅಂಗುಲ ಅಂಗುಲವಾಗಿ ಹೋಗಿರಬೇಕು. ಕುಶಾಲನಗರದ ನನ್ನ ಕೋಣೆಯಲ್ಲಿ ಟೈಲ್ಸ್ ನೆಲ, ಗೀರು ಬೀಳುವುದಿಲ್ಲ. ಅಲ್ಲಿ ಎಷ್ಟು ಸಲ ಸರಿದಿದ್ದೇನೋ.

ಕುಟುಂಬ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲೊಬ್ಬರಾದ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದನ್ನು ತ್ರಿಕೋನ ಎಂದರು. ಇಬ್ಬರ ನಡುವೆ ಬಿಗಿ ಹೆಚ್ಚಾದರೆ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಅದು ಮಗು ಇರಬಹುದು, ನಾದಿನಿ ಇರಬಹುದು, ಚಿಕಿತ್ಸಕಿಯೂ ಇರಬಹುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತೇವಲ್ಲ, ಆ ಮಾತಿನಲ್ಲೂ ಮೂವರಿದ್ದಾರೆ, ಎಣಿಸಿ ನೋಡಿ. ಆ ದಿನದ ಕೊತ್ತಿ ನಾನು.

ಮಳೆ ನಿಂತಿತು. ತೋಟದ ಲೆಕ್ಕ ಬರೆಯುವ ರೈಟರು ಮಳೆಮಾಪಕ ನೋಡಿ ಬಂದು ಸಭೆಯ ನಡುವೆಯೇ ಘೋಷಿಸಿದರು: ಒಂದು ಇಂಚು ಹತ್ತು ಸೆಂಟು. ಅಂದು ಬಿದ್ದ ಅತಿ ದೊಡ್ಡ ಚಪ್ಪಾಳೆ ಅದಕ್ಕೆ. ಅಪ್ಪನಿಗೆ ಕರೆ ಮಾಡಬೇಕೆಂದುಕೊಂಡೆ, ಮರೆತೆ.

ರಾತ್ರಿ ಊಟ. ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ, ಸಸ್ಯಾಹಾರಿಗಳಿಗೆ ಒತ್ತುಶಾವಿಗೆಯಂಥ ನೂಪುಟ್ಟಿನ ಜೊತೆ ಕಾಳಿನ ಸಾರು. ಪಂಕ್ತಿಯಲ್ಲಿ ಜಗಳವೂ ಆಯಿತು, ಒಳ್ಳೆಯ ಜಗಳ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳು ಕಾಯುವ ನಿಯಮವಿದೆ. ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಅದನ್ನು ಕೈಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಆರು ತಿಂಗಳು ಉಸಿರಾಡಲು ಸಿಗುವ ಸಮಯ ಎಂದರು ಒಬ್ಬರು. "ಹೊಡೆಸಿಕೊಂಡು ಬಂದವಳಿಗೆ ಅದನ್ನು ಹೇಳಿ ನೋಡಿ" ಎಂದರು ಸಾಂತ್ವನದ ಅಕ್ಕ, ಕಡಂಬುಟ್ಟು ಮುರಿಯುತ್ತಾ. ನಾನು ಅಕ್ಕನ ಕಡೆ. ಕುರ್ಚಿ ಸರಿದರೆ ಸರಿಯಲಿ.

ಎರಡನೇ ದಿನ ಜೀನೋಗ್ರಾಮ್. ವಂಶವೃಕ್ಷವೇ, ಆದರೆ ಇದರಲ್ಲಿ ಯಾರು ಯಾರಿಗೆ ಹುಟ್ಟಿದರು ಎಂಬುದರ ಜೊತೆಗೆ ಯಾರು ಯಾರೊಡನೆ ಮಾತು ಬಿಟ್ಟರು ಎಂಬುದೂ ಬರುತ್ತದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಹೋದವರಿಗೆ ಒಳಗೊಂದು ಕತ್ತರಿ ಗುರುತು. ಜಗಳಕ್ಕೆ ಅಂಕುಡೊಂಕು ಗೆರೆ. ಮದುವೆಯ ಗೆರೆಯ ಮೇಲೆ ಒಂದು ಓರೆಗೀರು ಎಳೆದರೆ ಬೇರೆಯಾಗಿದ್ದಾರೆ, ಎರಡು ಎಳೆದರೆ ವಿಚ್ಛೇದನ. ಶುರುವಿಗೆ ಮೇಡಂ ಬೋವೆನ್ ಬಗ್ಗೆಯೇ ಹೇಳಿದರು. 1967ರಲ್ಲಿ ಫಿಲಡೆಲ್ಫಿಯಾದ ಸಮ್ಮೇಳನಕ್ಕೆ ಸಿದ್ಧಾಂತದ ಪ್ರಬಂಧ ನಿರೀಕ್ಷಿಸಿ ಬಂದವರ ಮುಂದೆ ಅವರು ತಮ್ಮದೇ ಅಪ್ಪ ಅಮ್ಮ, ಒಡಹುಟ್ಟಿದವರ ನಡುವಿನ ತ್ರಿಕೋನಗಳನ್ನು ಬಿಚ್ಚಿಟ್ಟರು. ಸಭೆ ಬೆಚ್ಚಿತು. 1972ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರಿನ ಜಾಗದಲ್ಲಿ 'ಅನಾಮಿಕ' ಎಂದಿತ್ತು. "ಇವತ್ತು ರೋಗಿಗಳ ಮನೆ ಬೇಡ, ನಿಮ್ಮ ಮನೆ ಬರೆಯಿರಿ" ಎಂದರು ಮೇಡಂ.

ಇದು ನನ್ನ ಹಾಳೆ, ಹೆಸರುಗಳನ್ನು ಮಸುಕು ಮಾಡಿದ್ದೇನೆ. ಮೂರು ತಲೆಮಾರು, ಅಚ್ಚುಕಟ್ಟು. ಬಲ ತುದಿಯಲ್ಲಿ ಅಂಚಿಗೆ ಒತ್ತಿಕೊಂಡು ಒಂದು ವೃತ್ತ ಕಾಣುತ್ತಿದೆಯಲ್ಲ, ಅದನ್ನು ಕೊನೆಗೆ, ಜಾಗ ಮುಗಿದ ಮೇಲೆ ಬರೆದೆ. ನನ್ನ ಸೋದರತ್ತೆ. ಮದುವೆಯಾಗಿ ಒಂದೂವರೆ ವರ್ಷಕ್ಕೆ ತವರಿಗೆ ವಾಪಸು ಬಂದವರು ಮತ್ತೆ ಹೋಗಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಲವತ್ತು ವರ್ಷ. ನನಗೆ ಜಡೆ ಹಾಕಿದ್ದು, ಎಣ್ಣೆ ಹಚ್ಚಿದ್ದು, ಮೊದಲ ಮುಟ್ಟಾದಾಗ ಹೆದರಬೇಡ ಎಂದದ್ದು ಅವರು. ಅವರ ಪಕ್ಕದ ಚೌಕಕ್ಕೆ ಏನು ಹೆಸರು ಬರೆಯುವುದು? ಗೊತ್ತಿಲ್ಲ. ಗೀರು ಒಂದೋ ಎರಡೋ? ಅದೂ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಊರವರ ಮನೆಯ ಗೆರೆಗಳನ್ನು ಬರೆಯುತ್ತಿರುವವಳು ನಾನು.

ಪಕ್ಕದಲ್ಲಿ ಕುಳಿತ ಕೊಡವ ಹಿರಿಯರೊಬ್ಬರು, ನಿವೃತ್ತ ಶಿಕ್ಷಕರು, ನನ್ನ ಹಾಳೆ ನೋಡಿ ಮೆಲ್ಲಗೆ ಹೇಳಿದರು. ಅವರಲ್ಲಿ ಮದುವೆಯಲ್ಲಿ ಸಮ್ಮಂಧ ಕೊಡುವ ಶಾಸ್ತ್ರವಿದೆ. ಎರಡೂ ಒಕ್ಕಗಳ, ಅಂದರೆ ಮನೆತನಗಳ, ಪರವಾಗಿ ಮಾತನಾಡುವ ಅರುವರು ಎದುರುಬದುರು ನಿಂತು ಪ್ರಶ್ನೋತ್ತರದಲ್ಲಿ ಹುಡುಗಿಯ ಹಕ್ಕನ್ನು ಗಂಡನ ಒಕ್ಕಕ್ಕೆ ಒಪ್ಪಿಸುತ್ತಾರೆ. ಹನ್ನೆರಡು ಕಲ್ಲುಗಳಲ್ಲಿ ಹನ್ನೊಂದನ್ನು ಕೊಟ್ಟು ಒಂದನ್ನು ತವರಿನವರು ಉಳಿಸಿಕೊಳ್ಳುತ್ತಾರೆ. "ತೊಂದರೆಯಾದರೆ ವಾಪಸು ಬರಲು ಒಂದು ಕಲ್ಲಿನಷ್ಟು ಜಾಗ ಇದೆ ಎಂದು" ಎಂದರು. ಸ್ವಲ್ಪ ತಡೆದು, "ಶಾಸ್ತ್ರ ಇದೆ ಎಂದಮಾತ್ರಕ್ಕೆ ಬಂದವಳನ್ನೆಲ್ಲ ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದಲ್ಲ ಮಗ" ಎಂದೂ ಸೇರಿಸಿದರು. ಆ ಹನ್ನೆರಡನೆಯ ಕಲ್ಲನ್ನು ಜೀನೋಗ್ರಾಮಿನಲ್ಲಿ ಎಲ್ಲಿ ಬರೆಯುವುದು ಎಂದು ಅವರು ಮೇಡಂ ಅವರನ್ನು ಕೇಳಿದರು. ಚರ್ಚೆ ಊಟದ ಗಂಟೆ ಬಾರಿಸಿದ ಮೇಲೂ ನಡೆಯಿತು, ಗುರುತು ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಮ್ಮ ಮನೆಯಲ್ಲಿ ಕಲ್ಲಿನ ಶಾಸ್ತ್ರವಿರಲಿಲ್ಲ. ಅತ್ತೆ ಹಾಗೇ ಬಂದರು.

ಈ ಭಾಗವನ್ನು ಸೇರಿಸುವ ಮೊದಲು ಅಪ್ಪನನ್ನು ಕೇಳಿದ್ದೇನೆ. "ಹೆಸರು ಬೇಡ, ಉಳಿದದ್ದು ನಿನ್ನಿಷ್ಟ" ಎಂದರು.

ಇದು ವಾಪಸು ಬಸ್ಸಿಗೆ ಕಾಯುತ್ತಾ ಮಡಿಕೇರಿ ನಿಲ್ದಾಣದಲ್ಲಿ ತೆಗೆದದ್ದು. ಚೀಲದಿಂದ ಇಣುಕುತ್ತಿರುವುದು ಪ್ರಮಾಣಪತ್ರ, ನನ್ನ ಇನಿಷಿಯಲ್ ತಪ್ಪಾಗಿದೆ. ಇಲ್ಲಿಂದಲೇ ಅಪ್ಪನಿಗೆ ಕರೆ ಮಾಡಿದೆ. ಊಟ ಆಯಿತೇ, ಮೊಣಕಾಲು ಹೇಗಿದೆ ಎಂದೆಲ್ಲ ಕೇಳಿ ಆಮೇಲೆ ಕೇಳಿದೆ, "ಅಪ್ಪಾ, ಅತ್ತೆಯ ಗಂಡನ ಹೆಸರೇನು?"

ಆ ಕಡೆ ಮಾತಿಲ್ಲ. ಹಿಂದೆ ಟಿವಿಯಲ್ಲಿ ವಾರ್ತೆ ಓದುವುದು ಕೇಳಿಸುತ್ತಿತ್ತು, ಅಪ್ಪ ಅದರ ಧ್ವನಿ ತಗ್ಗಿಸಿದ್ದೂ ಕೇಳಿಸಿತು. ನನ್ನ ಕೋಣೆಯಲ್ಲಿ ಯಾರಾದರೂ ಹೀಗೆ ಸುಮ್ಮನಾದರೆ ನಾನು ಕಾಯುತ್ತೇನೆ, ಎಷ್ಟು ಹೊತ್ತು ಬೇಕಾದರೂ. ಅದಕ್ಕೆ ತರಬೇತಿಯೂ ಆಗಿದೆ.

"ನಿನ್ನೆ ಅಲ್ಲಿ ಎಷ್ಟು ಬಂತು ಅಂತ ಹೇಳಲೇ ಇಲ್ಲವಲ್ಲ ನೀನು" ಎಂದರು ಅಪ್ಪ.

"ಒಂದು ಇಂಚು ಹತ್ತು ಸೆಂಟು ಅಪ್ಪ" ಎಂದೆ.