ಯೋಜಿಂಬೊ ಚಿತ್ರದ ಬೀದಿ

ಕೇಳುಗರಿಗೆ ನಮಸ್ಕಾರ. ಸಮುರಾಯ್ ಅಂದರೆ ಜಪಾನಿನ ಹಳೆಯ ಕಾಲದ ಕತ್ತಿವೀರನ ಕಥೆಗೆ ವೆಸ್ಟರ್ನ್, ಅಂದರೆ ಅಮೆರಿಕದ ಕೌಬಾಯ್ ಸಿನಿಮಾದ ಹದ ಬೆರೆಸಿದ ಜಪಾನೀ ಚಿತ್ರ ಅಂದರೆ ಮೊದಲು ನೆನಪಾಗುವುದು ‘ಯೋಜಿಂಬೊ’. 1961ರ ಚಿತ್ರ, ಕಪ್ಪು ಬಿಳುಪು. ನಿರ್ದೇಶಕರು ಅಕಿರಾ ಕುರೊಸಾವಾ, ನಾಯಕ ತೊಶಿರೊ ಮಿಫುನೆ. ಮಿಫುನೆಗೆ ಈ ಪಾತ್ರಕ್ಕಾಗಿ ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚಿತ್ರ ನೋಡಿದವರೆಲ್ಲ ಕತ್ತಿವರಸೆಯ ಬಗ್ಗೆಯೇ ಮಾತಾಡುತ್ತಾರೆ. ಮಾತಾಡಲಿ ಬಿಡಿ. ನಾನು ಹೇಳುವುದು ಒಂದೇ: ಬೀದಿ ನೋಡಿ.

ಕಥೆ ಸಣ್ಣದು. ಕಾಲ 1860ರ ಆಸುಪಾಸು. ಒಡೆಯನಿಲ್ಲದ ಸಮುರಾಯ್ ಒಬ್ಬ ಕವಲುದಾರಿಯಲ್ಲಿ ಕೋಲೊಂದನ್ನು ಮೇಲಕ್ಕೆ ಎಸೆದು, ಅದು ಬಿದ್ದ ದಿಕ್ಕು ಹಿಡಿದು ಒಂದು ಪೇಟೆಗೆ ಬರುತ್ತಾನೆ. ಅಲ್ಲಿ ಜೂಜುಕೋರರ ಎರಡು ಗುಂಪು, ಸೆಯ್ಬೆಯ ಕಡೆಯವರು, ಉಶಿತೊರಾ ಕಡೆಯವರು. ಒಂದಕ್ಕೆ ರೇಷ್ಮೆ ವ್ಯಾಪಾರಿಯ ಬೆಂಬಲ, ಇನ್ನೊಂದಕ್ಕೆ ಸಾಕೆ ಮದ್ಯ ತಯಾರಿಸುವ ಸಾಹುಕಾರನದು. ನಮ್ಮವನು ಇಬ್ಬರ ಹತ್ತಿರವೂ ಕೂಲಿ ಮಾತಾಡಿ, ಇಬ್ಬರನ್ನೂ ಹೊಡೆದಾಡಿಸಿ ಮುಗಿಸುತ್ತಾನೆ.

ಈಗ ಬೀದಿಗೆ ಬರೋಣ. ಊರ ನಡುವೆ ಒಂದೇ ಅಗಲವಾದ, ನೆಟ್ಟಗಿನ ರಸ್ತೆ. ಆ ಕಡೆ ಒಂದು ಗುಂಪು, ಈ ಕಡೆ ಇನ್ನೊಂದು, ಮಧ್ಯೆ ಮುದುಕ ಗೊಂಜಿಯ ಊಟದಂಗಡಿ. ಅಂಗಡಿಯ ಕಿಟಕಿ ತೆರೆದರೆ ಎರಡೂ ಕಡೆ ಕಾಣುತ್ತದೆ. ವೆಸ್ಟರ್ನ್ ಅಂದರೆ ಇದೇ ಸ್ವಾಮಿ! ಟೋಪಿ, ಕುದುರೆ, ಸೊಂಟದ ಪಟ್ಟಿ ಎಲ್ಲ ಆಮೇಲೆ. ಎದುರುಬದುರು ನಿಂತ ಇಬ್ಬರ ನಡುವೆ ಎಷ್ಟು ಹೆಜ್ಜೆ ದೂರ ಅಂತ ನೋಡುಗನಿಗೆ ಕುಳಿತಲ್ಲೇ ಗೊತ್ತಾಗಬೇಕು.

ಆ ದೂರವನ್ನು ತೋರಿಸುವುದೇ ಕಷ್ಟ. ಪರದೆ ಇಲ್ಲಿ ಎತ್ತರಕ್ಕಿಂತ 2.35 ಪಟ್ಟು ಅಗಲ. ಅಗಲವಾದ ನೋಟ ಹಿಡಿಯುವ ವೈಡ್ ಲೆನ್ಸ್ ಹಾಕಿ ಬೀದಿಯುದ್ದಕ್ಕೂ ಹಿಡಿದರೆ ಆಚೆ ತುದಿಯ ಜನ ಇರುವೆಗಳಾಗುತ್ತಾರೆ, ಭಯ ಹುಟ್ಟುವುದಿಲ್ಲ. ಅದಕ್ಕೇ ಕುರೊಸಾವಾ ಮತ್ತು ಛಾಯಾಗ್ರಾಹಕ ಕಜುವೊ ಮಿಯಾಗಾವಾ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಬಳಸಿದರು. ಕ್ಯಾಮೆರಾ ದೂರ ಹೋಗುತ್ತದೆ, ಹಿಂದಿನವನು ಮುಂದಿನವನ ಬೆನ್ನಿಗೇ ಬಂದು ನಿಂತಂತೆ ಕಾಣುತ್ತದೆ. ಒಂದು ತೊಂದರೆ ಉಂಟು. ಟೆಲಿ ಲೆನ್ಸಿನಲ್ಲಿ ಫೋಕಸ್ ನಿಲ್ಲುವ ಜಾಗ ಬಹಳ ಕಡಿಮೆ, ನಟ ಎರಡು ಹೆಜ್ಜೆ ಮುಂದೆ ಬಂದರೆ ಮುಖ ಮಸುಕು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಕಿರಿದು ಮಾಡಿದರೆ ಆ ಜಾಗ ಹೆಚ್ಚುತ್ತದೆ, ಆದರೆ ಬೆಳಕು ಧಾರಾಳ ಬೇಕು. ಬೀದಿಯ ಧೂಳಿಗೂ ಬೆಳಕೇ ಮುಖ್ಯ: ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬಿದ್ದರೇ ಕಣ್ಣಿಗೆ ಬೀಳುತ್ತದೆ, ಕ್ಯಾಮೆರಾ ಕಡೆಯಿಂದ ಬಿದ್ದರೆ ಇದ್ದೂ ಇಲ್ಲದ ಹಾಗೆ.

ಬೆಂಕಿ ಕಾಯುವ ಗೋಪುರದ ದೃಶ್ಯ ನೋಡಿ. ಎರಡು ಗುಂಪನ್ನೂ ಬೀದಿಗೆ ಎಳೆದುಬಿಟ್ಟು ಇವನು ಮೇಲೆ ಹತ್ತಿ ಕೂರುತ್ತಾನೆ. ಕೆಳಗೆ ಕತ್ತಿ ಹಿರಿದವರು ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಇಬ್ಬರಿಗೂ ಕೈಕಾಲು ನಡುಕ. ಮೇಲಿದ್ದವನಿಗೆ ನಗು. ಬೀದಿ ಇಲ್ಲದಿದ್ದರೆ ಈ ನಗುವೂ ಇಲ್ಲ.

ಪಿಸ್ತೂಲು ಬರುವುದೂ ಇದೇ ಬೀದಿಗೆ. ಉಶಿತೊರಾ ಕಡೆಯ ಉನೊಸುಕೆ (ನಟ ತತ್ಸುಯಾ ನಕಾದಾಯಿ) ಕುತ್ತಿಗೆಗೆ ಚೌಕುಳಿ ಮಫ್ಲರ್ ಸುತ್ತಿ, ಕಿಮೊನೊ ಒಳಗೆ ಕೈ ಇಟ್ಟುಕೊಂಡೇ ಬರುತ್ತಾನೆ. ಎದೆಯ ಸಂದಿಯಿಂದ ನಳಿಕೆ ಮಾತ್ರ ಇಣುಕುತ್ತದೆ. ಕತ್ತಿ ಕೈಯಳತೆಯ ಆಯುಧ, ಪಿಸ್ತೂಲು ಬೀದಿಯಳತೆಯದು. ಹಾಗಾದರೆ ಕತ್ತಿಯವನು ಗೆಲ್ಲುವುದು ಹೇಗೆ? ಮೊದಲೇ ಗಾಳಿಗೆ ಹಾರಾಡುವ ಎಲೆಗೆ ಚಾಕು ಎಸೆದು ಅಭ್ಯಾಸ ಮಾಡಿರುತ್ತಾನೆ. ಕೊನೆಗೆ ನಡೆದು ಬರುತ್ತಾ ಬರುತ್ತಾ ಸರಕ್ಕನೆ ಪಕ್ಕಕ್ಕೆ ಓಡಿ, ಪಿಸ್ತೂಲಿನ ತೋಳಿಗೇ ಚಾಕು ನೆಡುತ್ತಾನೆ. ಉಳಿದವರ ಕಥೆ ಕೆಲವೇ ಸೆಕೆಂಡು.

ಇನ್ನು ಇಟಲಿಯ ಪ್ರಸಂಗ. ಇದನ್ನು ಹೇಳದೆ ಬಿಡಲಾರೆ. 1964ರಲ್ಲಿ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ಸ್ಪೇನ್‌ನಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆಗೆದರು, ಕ್ಲಿಂಟ್ ಈಸ್ಟ್‌ವುಡ್ ನಾಯಕ. ಅದೇ ಬೀದಿ, ಅದೇ ಎರಡು ಮನೆತನ, ನಡುವೆ ಅದೇ ಅಂಗಡಿ. ಜಪಾನಿನವನು ಶವಪೆಟ್ಟಿಗೆ ಮಾಡುವವನಿಗೆ ಎರಡು ಪೆಟ್ಟಿಗೆ ಅಂದು, ಇಲ್ಲ, ಮೂರಾದರೂ ಆದೀತು ಅನ್ನುತ್ತಾನೆ. ಈಸ್ಟ್‌ವುಡ್ ಮೂರು ಅಂದು, ತಪ್ಪಾಯಿತು, ನಾಲ್ಕು ಅನ್ನುತ್ತಾನೆ. ಚಾಕುವಿನ ಜಾಗಕ್ಕೆ ಎದೆಗೆ ಕಟ್ಟಿಕೊಂಡ ಕಬ್ಬಿಣದ ತಗಡು ಬಂತು. ಎದುರಾಳಿಯ ಕೈಗೆ ರೈಫಲ್ ಬಂತು. ಬೀದಿ ಮಾತ್ರ ಕದಲಲಿಲ್ಲ! ಅನುಮತಿ ಕೇಳಿರಲಿಲ್ಲ ನೋಡಿ, ಕುರೊಸಾವಾ ಕಡೆಯವರು ಬಿಡಲಿಲ್ಲ. ಜಗಳ ತೀರಿದ್ದು ಲೆಕ್ಕದ ಮೇಲೆ: ಗಳಿಕೆಯ ಶೇಕಡ 15, ಜೊತೆಗೆ ಜಪಾನಿನಲ್ಲಿ ಹಂಚಿಕೆಯ ಹಕ್ಕು. ಅಮೆರಿಕದಲ್ಲಿ ಚಿತ್ರ ತೆರೆ ಕಂಡಿದ್ದು 1967ರಲ್ಲಿ.

ಸಮಯ ಕಮ್ಮಿ ಅಂತ ಸನ್ನೆ ಬರುತ್ತಿದೆ. ಇದೇ ಜಾಡಿನಲ್ಲಿ ಬಂದ, ತಕಾಶಿ ಮಿಯಿಕೆಯವರ 2007ರ ಚಿತ್ರ ‘ಸುಕಿಯಾಕಿ ವೆಸ್ಟರ್ನ್ ಜಾಂಗೊ’ ಬಗ್ಗೆ ಒಂದೇ ಮಾತು. ಜಪಾನೀ ನಟರೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಬಣ್ಣ ಬೇಕಾದಷ್ಟಿದೆ. ನನಗೆ ಅದು ವೇಷಭೂಷಣದ ಜಾತ್ರೆ.

ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುವವರು ಗಮನಿಸಿ: ಮೊದಲು ಬೀದಿಯ ನಕ್ಷೆ ಬರೆಯಿರಿ, ಯಾರು ಎಲ್ಲಿಂದ ಬರುತ್ತಾರೆ ಗುರುತು ಹಾಕಿ, ಕ್ಯಾಮೆರಾವನ್ನು ಬೀದಿಯ ಒಂದೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಪಕ್ಕ ದಾಟಿದರೆ ಎಡಗಡೆಯವನು ಬಲಗಡೆಗೆ ಹೋಗಿ, ನೋಡುವವರು ಗೊಂದಲಕ್ಕೆ ಬೀಳುತ್ತಾರೆ. ಕತ್ತಿ, ಬಂದೂಕು ಆಮೇಲೆ ಬಾಡಿಗೆಗೆ ತನ್ನಿ. ನಮಸ್ಕಾರ.